ಅರಿಶಿನ ತೊಳೆದು ನೋಡು

ಹೊಸ ಬಾಣಂತಿ ನೀನು. ಆಸ್ಪತ್ರೆಯಿಂದ ಬಂದು ಎರಡು ದಿನವಾಗಿಲ್ಲ, ಆಗಲೇ ಮಗುವಿನ ನೂರು ಫೋಟೊ ಊರಿಗೆಲ್ಲ ಹಂಚಿದ್ದೀಯ. ‘ಯಾಕೋ ಹಳದಿ ಕಾಣುತ್ತಲ್ಲ’ ಅಂತ ಚಿಕ್ಕಮ್ಮ ಬರೆದದ್ದೇ ತಡ, ಅಳು. ‘ಎಲ್ಲ ಮಕ್ಕಳಿಗೂ ಬರುತ್ತೆ ಬಿಡು’ ಅಂತ ಇನ್ನೊಬ್ಬರು ಅಂದರೆ ನಿರಾಳ. ಫೋನು ಯಾಕೆ ಮಗಳೇ, ಕೂಸು ನಿನ್ನ ಮಡಿಲಲ್ಲೇ ಇದೆಯಲ್ಲ.

ಐದು ಮೊಮ್ಮಕ್ಕಳನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆದವಳು ನಾನು. ಆ ಜಂಬದಲ್ಲೇ ಒಮ್ಮೆ ಎಡವಿದೆ. ಮಗಳ ಬಾಣಂತನ. ಶೀತ ತಗಲಬಾರದೆಂದು ಕಿಟಕಿಗೆ ಕಂಬಳಿ ಕಟ್ಟಿದ್ದೆ. ಕೂಸಿಗೆ ದಿನಾ ಎಣ್ಣೆ, ಕಡಲೆಹಿಟ್ಟು, ಅರಿಶಿನ. ಐದನೇ ದಿನ ಹಾಲಿಗೆ ಎಬ್ಬಿಸಿದರೂ ಏಳದು. ‘ಎಷ್ಟು ಸಾಧು ಕೂಸು!’ ಅಂತ ಹೊಗಳಿದವಳೂ ನಾನೇ. ನೋಡಲು ಬಂದ ಆಶಾ ಕಾರ್ಯಕರ್ತೆ ಅದನ್ನು ಬಾಗಿಲ ಬೆಳಕಿಗೆ ತಂದು, ಒದ್ದೆ ಬಟ್ಟೆಯಲ್ಲಿ ಎದೆ ಒರೆಸಿ, ಬೆರಳಿಂದ ಮೆಲ್ಲಗೆ ಒತ್ತಿ ಬಿಟ್ಟಳು. ಬಿಳುಪು ಕಾಣಬೇಕಾದ ಕಡೆ ಹಳದಿ. ಅಂಗಾಲಲ್ಲೂ ಹಳದಿ. ‘ಅಜ್ಜೀ, ಇದು ನಿಮ್ಮ ಅರಿಶಿನವಲ್ಲ’ ಅಂದಳು. ನನ್ನ ಬಾಯಿ ಕಟ್ಟಿಹೋಯಿತು.

ಅವತ್ತೇ ಆಸ್ಪತ್ರೆಗೆ ಓಡಿದೆವು. ಕಣ್ಣಿಗೆ ಪಟ್ಟಿ, ಬರೀ ಲಂಗೋಟಿ, ಮೇಲೆ ನೀಲಿ ದೀಪ. ಎರಡೇ ದಿನ, ಇಳಿಯಿತು. ತಡಮಾಡಿದ್ದರೆ? ಹಳದಿ ಮಿತಿಮೀರಿ ಮಿದುಳಿಗೆ ಏರಿದರೆ ಕಿವಿ ಹೋಗಬಹುದು, ಕೈಕಾಲು ಸ್ವಾಧೀನ ತಪ್ಪಬಹುದು. ಮತ್ತೆ ಸರಿಯಾಗುವಂಥದ್ದಲ್ಲ ಅದು.

ಹೆದರಬೇಡ, ದಿನ ತುಂಬಿ ಹುಟ್ಟಿದ 10 ಮಕ್ಕಳಲ್ಲಿ ಸುಮಾರು 6ಕ್ಕೆ, ತುಂಬದೆ ಹುಟ್ಟಿದವರಲ್ಲಿ 8ಕ್ಕೆ ಕಾಮಾಲೆ ಕಾಣುವುದುಂಟು. ಕೂಸಿನ ರಕ್ತದಲ್ಲಿ ಕೆಂಪು ಕಣ ಜಾಸ್ತಿ, ಬೇಗ ಒಡೆಯುತ್ತವೆ. ಒಡೆದಾಗ ಹುಟ್ಟುವ ಹಳದಿಯೇ ಬಿಲಿರುಬಿನ್. ಅದನ್ನು ಹೊರಹಾಕಬೇಕಾದ ಲಿವರ್ ನಿನ್ನ ಹಾಗೇ ಕೆಲಸಕ್ಕೆ ಹೊಸದು. ಎರಡು ಮೂರನೇ ದಿನ ಶುರುವಾಗಿ, ಮೂರರಿಂದ ಐದನೇ ದಿನಕ್ಕೆ ಏರಿ, ಎರಡು ವಾರದೊಳಗೆ ಮಾಯವಾಗುತ್ತದೆ. ಏರುವ ಹೊತ್ತಿಗೆ ನೀನು ಆಸ್ಪತ್ರೆ ಬಿಟ್ಟಿರುತ್ತೀಯ, ತೊಡಕಿರುವುದು ಅಲ್ಲೇ. ಹುಟ್ಟಿದ 24 ಗಂಟೆಯೊಳಗೇ ಹಳದಿ ಕಂಡರೆ ಮಾತ್ರ ಅದು ಮಾಮೂಲಲ್ಲ. ನಿನ್ನ ರಕ್ತ ಓ ಗುಂಪೋ ನೆಗೆಟಿವೋ ಆಗಿದ್ದರೆ ಡಾಕ್ಟರಿಗೆ ನೀನೇ ಜ್ಞಾಪಿಸು.

ಬಿಸಿಲಿಗೆ ಹಿಡಿದರೆ ಸಾಕು ಅನ್ನುತ್ತಾರಲ್ಲ, ಅದು ಪೂರಾ ಸುಳ್ಳಲ್ಲ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಅಂತ ಒಬ್ಬರು ಕೂಸುಗಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಒಂದು ಕೂಸಿನ ಮೈಯೆಲ್ಲ ತಿಳಿಯಾಗಿ, ಬಟ್ಟೆ ಮುಚ್ಚಿದ್ದ ಕಡೆ ಮಾತ್ರ ಹಳದಿ ಉಳಿದದ್ದು ಅವರ ಕಣ್ಣಿಗೆ ಬಿತ್ತು. ಈ ದೀಪದ ಚಿಕಿತ್ಸೆ ಮೊಳೆತದ್ದು ಅಲ್ಲಿಂದ. ಆದರೆ ದೀಪಕ್ಕೆ ಅಳತೆಯಿದೆ, ನಮ್ಮ ಅಂಗಳದ ಬಿಸಿಲಿಗಿಲ್ಲ. ಬರಿಮೈ ಕೂಸಿಗೆ ಒಂದೋ ಚರ್ಮ ಸುಡುತ್ತದೆ, ಇಲ್ಲ ಥಂಡಿ ಹಿಡಿಯುತ್ತದೆ. ಬೆಳಕನ್ನು ನೋಡುವುದಕ್ಕೆ ಬಳಸು, ಮದ್ದು ಅಂತ ನೆಚ್ಚಬೇಡ.

ದಿನಕ್ಕೆ 8ರಿಂದ 12 ಸಲ ಎದೆಹಾಲು ಕೊಡು. ನಿದ್ದೆ ಅಂತ ಮುದ್ದು ಮಾಡಬೇಡ, ಅಂಗಾಲು ಕೆರೆದು ಎಬ್ಬಿಸು. ಹಳದಿ ಇಳಿದುಹೋಗುವುದು ಕಕ್ಕದಲ್ಲೇ, ಕಕ್ಕ ಬರಬೇಕಾದರೆ ಹಾಲು ಹೋಗಬೇಕು. ಗ್ಲೂಕೋಸ್ ನೀರು, ಜೇನುತುಪ್ಪ ಬೇಡ. ನೀನು ಬೇಳೆಸಾರು ಉಂಡರೆ ಕೂಸು ಹಳದಿಯಾಗುತ್ತೆ ಅನ್ನುವವರ ಎದುರಿಗೇ ಇನ್ನೊಂದು ಸೌಟು ಹಾಕಿಸಿಕೋ. ಬರೆ ಹಾಕಿಸೋಣ, ಸೊಪ್ಪು ಹಿಂಡೋಣ ಅಂತ ಬಂದವರಿಗೆ ಕಾಫಿ ಕೊಟ್ಟು ಕಳಿಸು. ಟ್ರಂಕಿನಿಂದ ತೆಗೆದ ಹಳೇ ಸ್ವೆಟರಿಗೆ ನುಸಿಗುಳಿಗೆ ವಾಸನೆಯಿದ್ದರೆ ತೊಡಿಸಬೇಡ. ಕೆಲವು ಮಕ್ಕಳ ರಕ್ತಕ್ಕೆ ಅದು ಆಗುವುದಿಲ್ಲ.

ಎರಡು ವಾರ ಕಳೆದರೂ ಹಳದಿ ಉಳಿದರೆ ರಕ್ತ ಪರೀಕ್ಷೆ ಮಾಡಿಸು. ಕಕ್ಕ ಸುಣ್ಣದ ಹಾಗೆ ಬಿಳಿಚಿ, ಉಚ್ಚೆ ಬಟ್ಟೆಗೆ ಕಲೆ ಹಿಡಿಸುತ್ತಿದ್ದರೆ ಒಂದು ದಿನವೂ ಕಾಯಬೇಡ. ಪಿತ್ತನಾಳ ಮುಚ್ಚಿರಬಹುದು. ಹಾಗಿದ್ದರೆ 60 ದಿನದೊಳಗೆ ಆಪರೇಷನ್ ಆದಷ್ಟೂ ಒಳ್ಳೆಯದು. ಡೈಪರನ್ನು ಸುತ್ತಿ ಬಿಸಾಡುವ ಮುಂಚೆ ಬಿಚ್ಚಿ ನೋಡು. ಮೂಗು ಮುರಿಯಬೇಡ. ಬೇಕಾದರೆ ಅದರದೂ ಒಂದು ಫೋಟೊ ತೆಗೆದಿಟ್ಟುಕೋ. ಡಾಕ್ಟರಿಗೆ ತೋರಿಸಲಿಕ್ಕೆ ಕಣೇ, ಚಿಕ್ಕಮ್ಮನಿಗೆ ಕಳಿಸಲಿಕ್ಕಲ್ಲ.