ಬೆಲ್ಪರಿನ ಉತ್ತರ ಗಿರಣಿ

ಜಲಚಾಲಿತ ನೂಲುವ ಯಂತ್ರಕ್ಕೆ 1769ರಲ್ಲಿ ಪೇಟೆಂಟನ್ನು ಪಡೆದ ರಿಚರ್ಡ್ ಆರ್ಕ್‌ರೈಟನು ಇಂಗ್ಲೆಂಡಿನ ಡರ್ವೆಂಟ್ ಕಣಿವೆಯ ಕ್ರಾಮ್‌ಫರ್ಡಿನಲ್ಲಿ 1771ರಲ್ಲಿ ಆರಂಭಿಸಿದ ಹತ್ತಿಯ ಗಿರಣಿಯು ಕಾರ್ಖಾನಾಪದ್ಧತಿಯ ಉಗಮಸ್ಥಾನವೆಂದು ಪ್ರಸಿದ್ಧವಾಗಿದ್ದರೂ, ವಾಸ್ತುವಿದ್ಯೆಯ ದೃಷ್ಟಿಯಿಂದ ಅದಕ್ಕಿಂತ ಹೆಚ್ಚು ಮನನಯೋಗ್ಯವಾದುದು ಅದೇ ಕಣಿವೆಯ ಬೆಲ್ಪರ್ ಪಟ್ಟಣದ ಉತ್ತರ ಗಿರಣಿಯೆಂದೇ ಹೇಳಬೇಕು. ಜೆಡೆಡಯಾ ಸ್ಟ್ರಟ್ಟನು 1786ರಲ್ಲಿ ಕಟ್ಟಿಸಿದ್ದ ಮೊದಲಿನ ಗಿರಣಿಯು 1803ರಲ್ಲಿ ಅಗ್ನಿಗೆ ಆಹುತಿಯಾಯಿತು. ಗಾಳಿಯಲ್ಲಿ ತೇಲುವ ಹತ್ತಿಯ ಧೂಳು, ಯಂತ್ರದ ಎಣ್ಣೆಯನ್ನು ಹೀರಿದ ಮರದ ನೆಲ, ಇವುಗಳ ನಡುವೆ ಉರಿಯುವ ದೀಪ, ಈ ಮೂರರ ಸಂಯೋಗವು ಆ ಕಾಲದ ಗಿರಣಿಗಳಿಗೆಲ್ಲ ಮೃತ್ಯುಸದೃಶವಾಗಿದ್ದುದನ್ನು ಬಲ್ಲವನಾದ ಆತನ ಪುತ್ರ ವಿಲಿಯಂ ಸ್ಟ್ರಟ್ಟನು, ಎರಕದ ಕಬ್ಬಿಣದ ಕಂಬಗಳ ಮೇಲೆ ಕಬ್ಬಿಣದ ತೊಲೆಗಳನ್ನಿರಿಸಿ, ತೊಲೆಯಿಂದ ತೊಲೆಗೆ ಇಟ್ಟಿಗೆಯ ಕಮಾನುಗಳನ್ನು ಕಟ್ಟಿ, ಅವುಗಳ ಮೇಲೆ ನೆಲವನ್ನು ಹಾಸಿ, ಐದು ಅಂತಸ್ತುಗಳ ಅಗ್ನಿನಿರೋಧಕ ಸೌಧವನ್ನು 1804ರಲ್ಲಿ ಪೂರ್ಣಗೊಳಿಸಿದನು. ಲೋಹದ ಚೌಕಟ್ಟಿನ ಆಧಾರದ ಮೇಲೆ ನಿಲ್ಲುವ ಇಂದಿನ ಗಗನಚುಂಬಿಗಳ ಪೂರ್ವಜರಲ್ಲಿ ಇದೂ ಒಂದು. ಜಲಚಕ್ರದ ಬಲವು ಅಂತಸ್ತಿನಿಂದ ಅಂತಸ್ತಿಗೆ ಯಂತ್ರಗಳನ್ನು ನಡೆಸುತ್ತಿದ್ದರೆ, ಮೇಲಿನ ಅಟ್ಟದಲ್ಲಿ ಕಾರ್ಮಿಕ ಬಾಲಕರಿಗೆ ಪಾಠಶಾಲೆಯಿದ್ದಿತು.

ಜೆಡೆಡಯಾನ ಬಳಿ ಕೆಲಸ ಕಲಿತ ಸ್ಯಾಮ್ಯುಯಲ್ ಸ್ಲೇಟರನು ಯಂತ್ರದಿಂದ ನೂಲುವ ವಿದ್ಯೆಯನ್ನು ಅಮೆರಿಕಕ್ಕೆ ಒಯ್ದು, 1790ರಲ್ಲಿ ಪಾಟಕೆಟ್ಟಿನಲ್ಲಿ ಜಲಬಲದಿಂದ ಹತ್ತಿಯನ್ನು ನೂಲಿಸಿದನು. ಡರ್ವೆಂಟ್ ಕಣಿವೆಯ ಗಿರಣಿಗಳು 2001ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.