ಮಣಿಯದ ಪ್ರೇಮ ಮತ್ತು ರಾಷ್ಟ್ರಗುಣದ ಪ್ರಶ್ನೆ: ‘ಮಕಾರ್ ಚುದ್ರಾ’ ಕಥೆ ಹಾಗೂ ಲೊತ್ಯಾನುವಿನ ಚಲನಚಿತ್ರ

ಮ್ಯಾಕ್ಸಿಂ ಗೋರ್ಕಿ ಕನ್ನಡದ ಓದುಗರಿಗೆ ಬಹುಮಟ್ಟಿಗೆ ‘ತಾಯಿ’ ಕಾದಂಬರಿಯ ಕರ್ತೃವಾಗಿ, ಪ್ರಗತಿಶೀಲರ ಪ್ರೇರಣೆಯಾಗಿ ಪರಿಚಿತ. ಆದರೆ 1892ರಲ್ಲಿ ತಿಫ್ಲಿಸ್ ನಗರದ ‘ಕವ್ಕಾಜ್’ ಪತ್ರಿಕೆಯಲ್ಲಿ ಗೋರ್ಕಿ ಎಂಬ ಹೆಸರು ಮೊದಲ ಬಾರಿಗೆ ಅಚ್ಚಾದದ್ದು ‘ಮಕಾರ್ ಚುದ್ರಾ’ ಎಂಬ ಶುದ್ಧ ರಮ್ಯ ಕಥೆಯೊಂದರ ಕೆಳಗೆ. ಈ ಕಥೆಯನ್ನು ಮುಖ್ಯ ಆಕರವಾಗಿಟ್ಟುಕೊಂಡು ಎಮಿಲ್ ಲೊತ್ಯಾನು 1976ರಲ್ಲಿ ಮೋಸ್‌ಫಿಲ್ಮ್ ಸಂಸ್ಥೆಗಾಗಿ ಒಂದು ಚಿತ್ರವನ್ನು ನಿರ್ದೇಶಿಸಿದ. ಅದರ ರಷ್ಯನ್ ಶೀರ್ಷಿಕೆಯನ್ನು ‘ಬಿಡಾರ ಬಾನಿನೆಡೆಗೆ ಸಾಗುತ್ತದೆ’ ಎಂದು ಕನ್ನಡಿಸಬಹುದು. ಈ ಎರಡು ಕೃತಿಗಳಲ್ಲಿ ಕಾಣುವ ಮಣಿಯದ ಪ್ರೇಮವನ್ನು ‘ರಷ್ಯನ್ ಮನೋಧರ್ಮ’ದ ಅಭಿವ್ಯಕ್ತಿಯೆಂದು ಹೇಳುವುದು ರೂಢಿ. ಆ ರೂಢಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಥಾವಸ್ತು ಸರಳವಾದುದು. ಶರತ್ಕಾಲದ ರಾತ್ರಿ ಕಡಲತೀರದಲ್ಲಿ ಕುದುರೆ ಕಾಯುತ್ತಿರುವ ವೃದ್ಧ ಜಿಪ್ಸಿ ಮಕಾರ್, ಅಲೆದಾಡುತ್ತಿರುವ ರಷ್ಯನ್ ಯುವಕನೊಬ್ಬನಿಗೆ ಲೊಯ್ಕೊ ಜೊಬಾರ್ ಮತ್ತು ರಾದಾ ಇವರ ವೃತ್ತಾಂತವನ್ನು ಹೇಳುತ್ತಾನೆ. ರಾದಾ ಒಂದು ಮುತ್ತಿಗಾಗಿ ಶ್ರೀಮಂತನೊಬ್ಬ ಎಸೆದ ಹಣದ ಚೀಲವನ್ನು ಕಾಲಿನಿಂದ ಕೆಸರಿಗೆ ಒದ್ದವಳು. ಲೊಯ್ಕೊ ಕುದುರೆಗಳ್ಳ, ಪಿಟೀಲುವಾದಕ. ಇಬ್ಬರಿಗೂ ಪರಸ್ಪರ ಒಲವಿದೆ. ಆದರೆ ಅವನಿಗಿಂತಲೂ ತನ್ನ ಸ್ವಾತಂತ್ರ್ಯ ತನಗೆ ಮಿಗಿಲೆಂದು ರಾದಾ ಮುಚ್ಚುಮರೆಯಿಲ್ಲದೆ ತಿಳಿಸುತ್ತಾಳೆ. ಬಿಡಾರದವರೆಲ್ಲರ ಸಮ್ಮುಖದಲ್ಲಿ ತನ್ನ ಕಾಲಿಗೆರಗಿ ಬಲಗೈಯನ್ನು ಚುಂಬಿಸಬೇಕೆಂಬುದು ಅವಳು ಒಡ್ಡುವ ಷರತ್ತು. ಒಪ್ಪಿಕೊಂಡು ಬಂದ ಲೊಯ್ಕೊ ಅವಳೆದೆಗೆ ಚೂರಿಯನ್ನಿಳಿಸುತ್ತಾನೆ. ಅವಳು ಅದನ್ನು ಕಿತ್ತು, ಗಾಯಕ್ಕೆ ತನ್ನ ಜಡೆಯನ್ನೊತ್ತಿ, ಇದನ್ನು ನಿರೀಕ್ಷಿಸಿದ್ದೆನೆಂದು ನಗುತ್ತಲೇ ಪ್ರಾಣ ಬಿಡುತ್ತಾಳೆ. ಅನಂತರವೇ ಅವನು ಅವಳ ಕಾಲಿಗೆರಗುವುದು. ಷರತ್ತು ಈಡೇರುತ್ತದೆ, ಅದಕ್ಕಾಗಿ ಇಬ್ಬರೂ ಸಾಯಬೇಕಾಗುತ್ತದೆ. ರಾದಾಳ ತಂದೆ ಅದೇ ಚೂರಿಯಿಂದ ಲೊಯ್ಕೊನನ್ನು ಕೊಲ್ಲುತ್ತಾನೆ.

ಇಲ್ಲಿನ ಮೂಲ ಪರಿಕಲ್ಪನೆಗಳನ್ನು ಕನ್ನಡಿಸುವುದು ಸುಲಭವಲ್ಲ. ರಷ್ಯನ್ನಿನ ‘ವೋಲ್ಯಾ’ ಎಂಬ ಒಂದೇ ಪದ ಇಚ್ಛೆ ಮತ್ತು ಬಿಡುಗಡೆ ಎರಡನ್ನೂ ಸೂಚಿಸುತ್ತದೆ. ವ್ಯುತ್ಪತ್ತಿಯ ದೃಷ್ಟಿಯಿಂದ ‘ಸ್ವೇಚ್ಛೆ’ ಇದಕ್ಕೆ ಸಮೀಪವಾದರೂ ನಮ್ಮ ಬಳಕೆಯಲ್ಲಿ ಆ ಪದಕ್ಕೆ ಅಂಕೆಯಿಲ್ಲದ ನಡವಳಿಕೆಯ ಕಳಂಕ ಅಂಟಿಕೊಂಡಿದೆ. ‘ಗೋರ್ದೊಸ್ತ್’ ಎಂಬುದನ್ನು ಗರ್ವವೆಂದರೆ ಖಂಡನೆಯಾಗುತ್ತದೆ, ಹೆಮ್ಮೆಯೆಂದರೆ ಹಗುರವಾಗುತ್ತದೆ. ಪಂಪನು ದುರ್ಯೋಧನನಿಗೆ ಸಲ್ಲಿಸುವ ‘ಛಲ’ ಅರ್ಧದಷ್ಟು ಒಪ್ಪುತ್ತದೆ. ಛಲಕ್ಕೆ ಸಾಧಿಸಬೇಕಾದ ಒಂದು ಗುರಿ ಇರುತ್ತದೆ. ರಾದಾಳಿಗೆ ಅಂಥ ಗುರಿಯಿಲ್ಲ, ತಾನು ಯಾರಿಗೂ ಸೇರದೆ ಉಳಿಯಬೇಕೆಂಬುದಷ್ಟೇ ಇದೆ. (‘ರಾದಾ’ ಎಂದೊಡನೆ ನಮ್ಮವರ ಕಿವಿ ‘ರಾಧೆ’ಯನ್ನು ಕೇಳಿಸಿಕೊಳ್ಳುತ್ತದೆ. ರಷ್ಯನ್ ಕಿವಿಗೆ ಅದು ಸಂತೋಷವನ್ನು ಸೂಚಿಸುವ ಸ್ಲಾವಿಕ್ ಪದ. ರೋಮಾನಿ ಭಾಷೆ ಇಂಡೋ-ಆರ್ಯನ್ ವರ್ಗಕ್ಕೆ ಸೇರಿದ್ದೆಂಬುದು ನಿಜವಾದರೂ, ಆ ನಂಟಿನ ಉತ್ಸಾಹದಲ್ಲಿ ಈ ಹೆಸರನ್ನು ವೃಂದಾವನಕ್ಕೆ ಒಯ್ಯಬೇಕಾಗಿಲ್ಲ.)

ಈ ಹಠದ ಪ್ರೇಮ ರಷ್ಯನ್ನರದೇ? ಕಥೆ ನಡೆಯುವುದು ಆಗ ಆಸ್ಟ್ರಿಯಾ-ಹಂಗೇರಿಗೆ ಸೇರಿದ್ದ ಬುಕೊವಿನಾದಲ್ಲಿ. ರಾದಾಳ ತಂದೆ ಹಂಗೇರಿಯ ನಾಯಕ ಕೊಶುತ್‌ನ ಜೊತೆಗೂಡಿ ಹೋರಾಡಿದ ಮುದುಕ. ವೃತ್ತಾಂತದೊಳಗೆ ರಷ್ಯನ್ನರೇ ಇಲ್ಲ. ಅದನ್ನು ಕೇಳಿಸಿಕೊಳ್ಳುತ್ತಿರುವವನು ಮಾತ್ರ ರಷ್ಯನ್. ಇದರ ಹಿಂದೆ ಪುಷ್ಕಿನ್ 1824ರಲ್ಲಿ ಮುಗಿಸಿದ ‘ಜಿಪ್ಸಿಗಳು’ ಕಥನಕಾವ್ಯವಿದೆ. ಅಲ್ಲಿ ಅಭಿಮಾನದ ಕೇಡು ಇರುವುದು ಜಿಪ್ಸಿಗಳಲ್ಲಲ್ಲ, ನಾಗರಿಕ ಜಗತ್ತಿನಿಂದ ಓಡಿಬಂದ ಅಲೆಕೊನಲ್ಲಿ. ಪ್ರೇಯಸಿಯನ್ನೂ ಅವಳ ಪ್ರಿಯನನ್ನೂ ಕೊಂದ ಅವನನ್ನು ಜಿಪ್ಸಿ ವೃದ್ಧ ಶಿಕ್ಷಿಸದೆ, ತಮ್ಮನ್ನು ಬಿಟ್ಟು ಹೋಗೆಂದು ಹೇಳುತ್ತಾನೆ. 1880ರಲ್ಲಿ ಮಾಸ್ಕೋದ ಪುಷ್ಕಿನ್ ಸ್ಮಾರಕೋತ್ಸವದಲ್ಲಿ ಮಾತನಾಡಿದ ದೊಸ್ತೊಯೆವ್‌ಸ್ಕಿ, ಅಲೆಕೊನನ್ನು ನೆಲದ ಬೇರು ಕಡಿದುಕೊಂಡ ರಷ್ಯನ್ನನ ಮಾದರಿಯೆಂದು ಗುರುತಿಸಿ, ಅಭಿಮಾನವನ್ನು ತಗ್ಗಿಸುವುದೇ ಜನಪದದ ವಿವೇಕವೆಂದು ಪ್ರತಿಪಾದಿಸಿದ. ಅನ್ಯರ ದುಃಖದ ಮೇಲೆ ತನ್ನ ಸುಖವನ್ನು ಕಟ್ಟಲೊಪ್ಪದ ತತ್ಯಾನಾ ಅವನ ದೃಷ್ಟಿಯಲ್ಲಿ ರಷ್ಯನ್ ಸ್ತ್ರೀತ್ವದ ಶಿಖರ.

ಹನ್ನೆರಡು ವರ್ಷಗಳ ಅನಂತರ ಗೋರ್ಕಿ ಈ ಸಮೀಕರಣವನ್ನು ತಲೆಕೆಳಗು ಮಾಡುತ್ತಾನೆ. ಪುಷ್ಕಿನ್ ಹೊರಗಿನವನಿಗೆ ಕೊಟ್ಟಿದ್ದ ಅಭಿಮಾನವನ್ನೂ ಚೂರಿಯನ್ನೂ ಜಿಪ್ಸಿಗಳ ಕೈಗೆ ಕೊಟ್ಟು, ದೋಷವಾಗಿದ್ದುದನ್ನು ಸೌಂದರ್ಯವನ್ನಾಗಿಸುತ್ತಾನೆ. ಆದುದರಿಂದ ಇದನ್ನು ‘ರಾಷ್ಟ್ರಗುಣ’ದ ಚಿತ್ರಣವೆನ್ನುವುದಕ್ಕಿಂತ, ವಿನಯವೇ ತಮ್ಮ ಗುಣವೆಂಬ ಬೋಧೆಯನ್ನು ಕೇಳುತ್ತಿದ್ದ ಸಮಾಜವೊಂದು ತನಗೆ ನಿಷಿದ್ಧವಾದುದನ್ನು ಇನ್ನೊಂದು ಜನಾಂಗದ ಮೇಲೆ ಆರೋಪಿಸಿ ನೋಡಿದ ಬಗೆಯೆನ್ನುವುದು ಹೆಚ್ಚು ಸಮಂಜಸವೆಂದು ನನ್ನ ಅಭಿಪ್ರಾಯ.

ಲೊತ್ಯಾನುವಿನ ಚಿತ್ರ ಈ ಆರೋಪವನ್ನು ಇನ್ನಷ್ಟು ವರ್ಣಮಯಗೊಳಿಸುತ್ತದೆ. ರಾದಾಳಾಗಿ ನಟಿಸಿದ ಸ್ವೆತ್ಲಾನಾ ತೊಮಾ, ಲೊಯ್ಕೊ ಆಗಿ ನಟಿಸಿದ ಗ್ರಿಗೊರೆ ಗ್ರಿಗೊರಿಯು, ಸಂಗೀತ ನೀಡಿದ ಎವ್ಗೆನಿ ದೋಗಾ, ಸ್ವತಃ ನಿರ್ದೇಶಕ ಎಲ್ಲರೂ ಮೊಲ್ದಾವಿಯಾದ ಕಲಾವಿದರು. ಮಾಸ್ಕೋದಲ್ಲಿ 1931ರಿಂದ ನಡೆದುಬಂದ ‘ರೋಮೆನ್’ ರಂಗಮಂದಿರದ ನಟರು ಪೋಷಕ ಪಾತ್ರಗಳಲ್ಲಿದ್ದಾರೆ. ಹಾಡುಗಳಲ್ಲಿ ರೋಮಾನಿ ಭಾಷೆ ಕೇಳಿಸುತ್ತದೆ ಎಂಬುದು ಗಮನಾರ್ಹ. ಕಥೆಯಲ್ಲಿ ರಷ್ಯನ್ನಿನ ಮೂಲಕವೇ ಮಾತಾಡಿದ್ದವರಿಗೆ ಇಲ್ಲಿ ತಮ್ಮದೇ ದನಿ ದೊರಕಿದೆ. ಚಿತ್ರಕ್ಕೆ ಅದೇ ವರ್ಷ ಸಾನ್ ಸೆಬಾಸ್ಟಿಯನ್ ಉತ್ಸವದ ಚಿನ್ನದ ಚಿಪ್ಪು ಪ್ರಶಸ್ತಿ ಸಂದಿತು.

ಆದರೆ ಇನ್ನೊಂದು ದಿನಾಂಕವನ್ನು ಮರೆಯುವಂತಿಲ್ಲ. 1956ರ ಅಕ್ಟೋಬರ್‌ನಲ್ಲಿ ಸೋವಿಯತ್ ಸರ್ಕಾರ ಜಿಪ್ಸಿಗಳ ಅಲೆಮಾರಿ ಬದುಕನ್ನೇ ಶಿಕ್ಷಾರ್ಹ ಅಪರಾಧವನ್ನಾಗಿಸುವ ಆದೇಶ ಹೊರಡಿಸಿತ್ತು. ಬಿಡಾರದ ಬಂಡಿಗಳು ರಸ್ತೆಯಿಂದ ಬಲವಂತವಾಗಿ ಇಳಿದ ಇಪ್ಪತ್ತು ವರ್ಷಗಳ ಅನಂತರ, ಅವು ಬಾನಿನೆಡೆಗೆ ಸಾಗುವುದನ್ನು ಅದೇ ದೇಶದ ಪ್ರೇಕ್ಷಕರು ಪರದೆಯ ಮೇಲೆ ನೋಡಿ ಮೆಚ್ಚಿದರು. ಚಿತ್ರ ಕಾಲವನ್ನು ಇಪ್ಪತ್ತನೆಯ ಶತಮಾನದ ಆರಂಭಕ್ಕೆ, ದೇಶವನ್ನು ಸಾಮ್ರಾಜ್ಯದ ಅಂಚಿಗೆ ಸರಿಸಿದ್ದರಿಂದ ಈ ವೈದೃಶ್ಯ ಯಾರನ್ನೂ ಕಾಡಬೇಕಾಗಿರಲಿಲ್ಲ.

ಗೋರ್ಕಿಯ ಕಥೆಯ ಕೊನೆಯಲ್ಲಿ ಮಕಾರ್ ಮಲಗಿದ ಮೇಲೆ ಯುವಕನಿಗೆ ಕತ್ತಲಲ್ಲಿ ರಾದಾ, ಲೊಯ್ಕೊ ಇಬ್ಬರೂ ಕಾಣಿಸುತ್ತಾರೆ. ಎಷ್ಟು ಸುತ್ತಿದರೂ ಲೊಯ್ಕೊ ಅವಳ ಸಮಕ್ಕೆ ಬರಲಾರ. ಆ ನೋಟ ಮಕಾರನದಲ್ಲ, ಕೇಳುಗನದು ಎಂಬುದನ್ನು ಕಥೆ ಸ್ಪಷ್ಟವಾಗಿ ಉಳಿಸಿಕೊಂಡಿದೆ. ಚಿತ್ರದಲ್ಲಿ ಆ ಕೇಳುಗನಿಗೆ ಸ್ಥಾನವಿಲ್ಲ. ಅವನು ಕುಳಿತಿದ್ದ ಜಾಗದಲ್ಲಿ, ಸೋವಿಯತ್ ಒಕ್ಕೂಟದ ಚಿತ್ರಮಂದಿರಗಳಲ್ಲಿ, ಸುಮಾರು 6.5 ಕೋಟಿ ಟಿಕೆಟುಗಳ ಪ್ರೇಕ್ಷಕರು ಕುಳಿತಿದ್ದರು.