ಶಿವಾಜಿ ಪಾರ್ಕಿನ ಕಟ್ಟೆಯೂ ನಮ್ಮ ಆರೋಗ್ಯವೂ

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ದಾದರಿನ ಶಿವಾಜಿ ಪಾರ್ಕನ್ನು ಕಾಣದವರು ವಿರಳ. ಯಾವುದೋ ಸಭೆಗೆಂದೋ, ಮಗನ ಕ್ರಿಕೆಟ್ ಅಭ್ಯಾಸಕ್ಕೆಂದೋ, ಊರಿನಿಂದ ಬಂದ ನೆಂಟರಿಗೆ ಸಮುದ್ರ ತೋರಿಸಿ ಹಿಂದಿರುಗುವಾಗ ತುಸು ಹೊತ್ತು ಕಾಲು ಚಾಚಿ ಕುಳಿತುಕೊಳ್ಳಲೆಂದೋ ಅಲ್ಲಿಗೆ ಹೋಗಿಯೇ ಇರುತ್ತಾರೆ. ಆದರೆ ಅಂತಹ ವಿಶಾಲ ಮೈದಾನವನ್ನು ಶರೀರದ ಹಿತಕ್ಕಾಗಿ ಕ್ರಮವರಿತು ಬಳಸಿಕೊಳ್ಳುವವರ ಸಂಖ್ಯೆ ಅಷ್ಟೇ ದೊಡ್ಡದೆಂದು ಹೇಳಲಾಗದು. ಮೈದಾನಕ್ಕೆ ಹೋಗುವುದು ಬೇರೆ, ಮೈದಾನದಿಂದ ಪ್ರಯೋಜನ ಪಡೆಯುವುದು ಬೇರೆ. ಈ ಎರಡರ ನಡುವಿನ ಅಂತರವನ್ನು ವೈದ್ಯಕೀಯ ದೃಷ್ಟಿಯಿಂದ ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ಮುಲುಂಡ, ಡೊಂಬಿವಲಿಗಳ ಓದುಗರು ಇಲ್ಲಿಯ ಮಾತನ್ನು ತಮ್ಮ ನೆರೆಯ ಮೈದಾನಕ್ಕೆ ಅನ್ವಯಿಸಿಕೊಳ್ಳಬಹುದು.

ಮುಂಬಯಿಯ ಬಯಲುಗಳ ಚರಿತ್ರೆಯೇ ಆರೋಗ್ಯದ ಚರಿತ್ರೆ. 1896ರಲ್ಲಿ ಈ ನಗರವನ್ನು ಹೊಕ್ಕ ಪ್ಲೇಗು ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಅಸಂಖ್ಯ ಜೀವಗಳನ್ನು ಬಲಿ ತೆಗೆದುಕೊಂಡಿತು. ಜನದಟ್ಟಣೆಯನ್ನು ಕಡಿಮೆ ಮಾಡದೆ ಗತ್ಯಂತರವಿಲ್ಲವೆಂದು ಮನಗಂಡ ಸರಕಾರ 1898ರಲ್ಲಿ ನಗರ ಸುಧಾರಣಾ ಟ್ರಸ್ಟನ್ನು ಸ್ಥಾಪಿಸಿತು. ದಾದರ್, ಮಾತುಂಗ ಕಡೆಯ ಅಗಲವಾದ ಬೀದಿಗಳೂ ಉದ್ಯಾನಗಳೂ ಆ ಯೋಜನೆಯ ಫಲ. ನಗರ ಹೀಗೆ ಉತ್ತರಕ್ಕೆ ಬೆಳೆಯುತ್ತಿದ್ದ ಕಾಲದಲ್ಲಿಯೇ, 1925ರಲ್ಲಿ, ನಗರಪಾಲಿಕೆಯು ಈ ಮೈದಾನವನ್ನು ಸಾರ್ವಜನಿಕರಿಗೆ ತೆರೆಯಿತು. ಮೊದಲಿಗೆ ಅದರ ಹೆಸರು ಮಾಹಿಮ್ ಪಾರ್ಕ್. ನಗರಪಾಲಿಕೆಯ ಸದಸ್ಯೆಯಾಗಿದ್ದ ಅವಂತಿಕಾಬಾಯಿ ಗೋಖಲೆಯವರ ಆಗ್ರಹದಂತೆ 1927ರಲ್ಲಿ ಶಿವಾಜಿ ಪಾರ್ಕ್ ಎಂಬ ಹೆಸರು ಬಂದಿತು. ವಿಸ್ತೀರ್ಣ ಸುಮಾರು 28 ಎಕರೆ. ಒಂದು ಅಡಿ ಜಾಗಕ್ಕೂ ಬೆಲೆ ಕಟ್ಟುವ ನಗರದಲ್ಲಿ ಇಷ್ಟು ನೆಲ ನೂರು ವರ್ಷ ಬಯಲಾಗಿಯೇ ಉಳಿದಿರುವುದು ಸಾಮಾನ್ಯ ಸಂಗತಿಯಲ್ಲ.

ಸಂಜೆ ಐದರ ಹೊತ್ತಿಗೆ ಅಲ್ಲಿ ಒಂದು ಸುತ್ತು ಹಾಕಿದರೆ ಮನುಷ್ಯನ ಎಲ್ಲ ವಯೋಮಾನಗಳೂ ಒಂದೆಡೆ ಕಾಣಸಿಗುತ್ತವೆ. ನಡುವೆ ಒಂದರ ಅಂಚಿಗೊಂದು ತಾಗಿಕೊಂಡೇ ನಡೆಯುವ ಹಲವು ಕ್ರಿಕೆಟ್ ಆಟಗಳು. ಒಬ್ಬರ ಚೆಂಡು ಇನ್ನೊಬ್ಬರ ಆಟದೊಳಗೆ ಉರುಳಿದರೂ ಜಗಳವಿಲ್ಲ. ಅಂಚಿನಲ್ಲಿ ವ್ಯಾಯಾಮ ಶಾಲೆ, ಜಿಮಖಾನೆ, ಗಣಪತಿಯ ಗುಡಿ, ವಯೋವೃದ್ಧರಿಗೆಂದು ಮಾಡಿದ ನಾನಾ-ನಾನಿ ಪಾರ್ಕ್. ಇವೆಲ್ಲವನ್ನೂ ಬಳಸಿಕೊಂಡು ಕುಳಿತುಕೊಳ್ಳಲು ಅನುಕೂಲವಾದ ತಗ್ಗಿನ ಗೋಡೆ. ಮರಾಠಿಗರು ಇದನ್ನು ‘ಕಟ್ಟಾ’ ಎನ್ನುತ್ತಾರೆ. ಹಳ್ಳಿಯ ಅಶ್ವತ್ಥಕಟ್ಟೆಯನ್ನು ಬಲ್ಲ ನಮಗೆ ಆ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಯ ವ್ಯಾಯಾಮಗಳಲ್ಲಿ ನಿಂತು ನೋಡತಕ್ಕದ್ದು ಮಲ್ಲಕಂಬ. ಶ್ರೀ ಸಮರ್ಥ ವ್ಯಾಯಾಮ ಮಂದಿರವು 1925ರಿಂದ ಈ ವಿದ್ಯೆಯನ್ನು ಹುಡುಗರಿಗೂ ಹುಡುಗಿಯರಿಗೂ ಕಲಿಸುತ್ತ ಬಂದಿದೆ. ಮೊದಲ ಮಲ್ಲಕಂಬ ವಿಶ್ವಸ್ಪರ್ಧೆ 2019ರಲ್ಲಿ ನಡೆದುದು ಈ ಮೈದಾನದಲ್ಲಿಯೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲರು ಕಂಬದ ಮೇಲೆ ಮಾಡುವ ಅಭ್ಯಾಸದ ಪ್ರಸ್ತಾಪವಿದೆ, ಉತ್ತರ ಕರ್ನಾಟಕದ ಊರುಗಳಲ್ಲಿ ಅದು ಇಂದಿಗೂ ಜೀವಂತವಾಗಿದೆ. ಆದುದರಿಂದ ಇದನ್ನು ಪರಕೀಯವೆಂದು ದೂರದಿಂದ ನೋಡಿ ಬರಬೇಕಾದ ಕಾರಣವಿಲ್ಲ. ಶರೀರಶಾಸ್ತ್ರದ ದೃಷ್ಟಿಯಿಂದ ಇದರ ವಿಶೇಷವೆಂದರೆ, ಇಲ್ಲಿ ಎತ್ತಬೇಕಾದ ಭಾರ ತನ್ನ ದೇಹದ್ದೇ. ತೊಡೆ, ಹೊಟ್ಟೆ, ಬೆನ್ನು, ಮುಂಗೈಗಳ ಸ್ನಾಯುಗಳೆಲ್ಲ ಏಕಕಾಲದಲ್ಲಿ ಬಿಗಿದು ಕಂಬವನ್ನು ಹಿಡಿಯುತ್ತವೆ. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ಮೇಲೆ ಇಂತಹ ಭಾರ ಬಿದ್ದರೆ ಮೂಳೆ ಗಟ್ಟಿಯಾಗುತ್ತದೆ. ಆ ಗಟ್ಟಿತನ ಅರುವತ್ತನೆಯ ವಯಸ್ಸಿನವರೆಗೂ ಖರ್ಚಿಗೆ ಬರುವ ಇಡುಗಂಟು.

ಆದರೆ ಈ ಮೈದಾನದ ಕೀರ್ತಿ ಕ್ರಿಕೆಟ್ಟಿನದು. ರಮಾಕಾಂತ ಆಚ್ರೇಕರ್ ಅವರು ಬಾಲಕ ಸಚಿನ್ ತೆಂಡೂಲ್ಕರನನ್ನು ತಿದ್ದಿದುದು ಇಲ್ಲಿ. ಸ್ಟಂಪಿನ ಮೇಲೆ ಒಂದು ರೂಪಾಯಿಯ ನಾಣ್ಯವಿಟ್ಟು, ಔಟಾಗದೆ ಉಳಿದರೆ ನಾಣ್ಯ ನಿನ್ನದು ಎನ್ನುತ್ತಿದ್ದ ಕತೆಯನ್ನು ಎಲ್ಲರೂ ಬಲ್ಲರು. ಆ ಕತೆಯನ್ನು ಕೇಳಿದ ತಂದೆತಾಯಿಗಳು ತಮ್ಮ ಮಗುವಿನ ಬೆನ್ನಿಗೂ ದೊಡ್ಡ ಚೀಲವೊಂದನ್ನು ಹೇರುತ್ತಾರೆ. ಇಲ್ಲಿ ಎರಡು ಮಾತು ಹೇಳುವುದು ಅಗತ್ಯ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಸರದಿಗಾಗಿ ಕಾಯುತ್ತ ಬೌಂಡರಿಯ ಬಳಿ ಒಂದು ಗಂಟೆ ನಿಂತ ಹುಡುಗ ಒಂದು ಗಂಟೆ ವ್ಯಾಯಾಮ ಮಾಡಿದಂತಾಗಲಿಲ್ಲ. ಅವನನ್ನು ಓಡಿಸುವ ಬೇರೆ ಆಟವೂ ಇರಲಿ. ಇದಕ್ಕೆ ವಿರುದ್ಧವಾಗಿ, ಎಳೆಯ ವೇಗದ ಬೌಲರುಗಳಲ್ಲಿ ಬಿಡುವಿಲ್ಲದ ಬೌಲಿಂಗಿನಿಂದ ಸೊಂಟದ ಬೆನ್ನೆಲುಬಿನಲ್ಲಿ ಸಣ್ಣ ಬಿರುಕು ಕಾಣಿಸಿಕೊಳ್ಳುವುದುಂಟು. ಬೌಲಿಂಗ್ ಮಾಡುವಾಗ ಬೆನ್ನು ನೋಯುತ್ತದೆಂದು ಮಗು ಹೇಳಿದರೆ ಅದನ್ನು ಸೋಮಾರಿತನವೆಂದು ಗದರಿಸಕೂಡದು, ವೈದ್ಯರಿಗೆ ತೋರಿಸಬೇಕು.

ಇನ್ನು ಈ ಲೇಖನದ ಮುಖ್ಯ ವಿಷಯಕ್ಕೆ ಬರೋಣ. ಮೈದಾನದೊಳಗೆ ಮಕ್ಕಳು ಆಡುತ್ತಿರುವಾಗ ಕಟ್ಟೆಯ ಮೇಲೆ ಸಾಲಾಗಿ ಕುಳಿತವರು ಯಾರು? ಬಹುಪಾಲು ತಾಯಂದಿರು. ಪಕ್ಕದಲ್ಲಿ ನೀರಿನ ಬಾಟಲಿ, ತಿಂಡಿಯ ಡಬ್ಬಿ, ಮಗುವಿನ ಚೀಲ. ಮೂವತ್ತೈದರಿಂದ ಐವತ್ತರ ನಡುವಿನ ವಯಸ್ಸು. ಮನೆಗೆಲಸವೇ ವ್ಯಾಯಾಮವೆಂಬ ನಂಬಿಕೆ. ಎರಡು ಗಂಟೆ ಕುಳಿತು ಮಗುವನ್ನು ಕರೆದುಕೊಂಡು ಹಿಂದಿರುಗುತ್ತಾರೆ. ರಕ್ತದೊತ್ತಡವೂ ಮಧುಮೇಹವೂ ಸದ್ದಿಲ್ಲದೆ ಮನೆ ಹೊಗುವ ವಯಸ್ಸು ಇದೇ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ; ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ ಹೆಚ್ಚು, 13 ಕೋಟಿಗೂ ಮೀರಿದವರು. ಮಗುವಿನ ಆಟಕ್ಕೆ ಶುಲ್ಕ ಕಟ್ಟಿ, ಬೂಟು ಕೊಡಿಸಿ, ಸಮಯ ಹೊಂದಿಸಿ ಕರೆತರುವ ತಾಯಿ ತನ್ನ ಶರೀರಕ್ಕಾಗಿ ಅರ್ಧ ಗಂಟೆಯನ್ನು ಎಣಿಕೆಗೆ ಹಿಡಿಯುವುದಿಲ್ಲ. ಇದು ಆಕೆಯ ತಪ್ಪಲ್ಲ. ಹೆಂಗಸು ತನಗಾಗಿ ಹೊರಗೆ ಹೋಗಬೇಕಾದರೆ ಏನಾದರೊಂದು ನೆಪ ಬೇಕೆನ್ನುವ ನಮ್ಮ ಮನೆಗಳ ರೂಢಿಯ ಫಲ. ನೆಪ ಹೇಗೂ ಸಿಕ್ಕಿದೆ, ಮೈದಾನದವರೆಗೆ ಬಂದೂ ಆಗಿದೆ. ಉಳಿದಿರುವುದು ಕಟ್ಟೆಯಿಂದ ಎದ್ದು ನಡೆಯುವುದೊಂದೇ.

ಎಷ್ಟು ನಡೆಯಬೇಕು? ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ಶ್ರಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಶಿವಾಜಿ ಪಾರ್ಕಿನ ಸುತ್ತಳತೆ ಸುಮಾರು 1.17 ಕಿಲೋಮೀಟರು. ಚುರುಕಾಗಿ ನಡೆದರೆ ಒಂದು ಸುತ್ತಿಗೆ 14-15 ನಿಮಿಷ. ದಿನಕ್ಕೆ ಎರಡು ಸುತ್ತಿನಂತೆ ವಾರಕ್ಕೆ ಐದು ದಿನ ನಡೆದರೆ ಲೆಕ್ಕ ಹೆಚ್ಚು ಕಡಿಮೆ ಸರಿಹೋಗುತ್ತದೆ. ‘ಮಧ್ಯಮ ಪ್ರಮಾಣ’ವನ್ನು ಅಳೆಯಲು ಯಾವ ಯಂತ್ರವೂ ಬೇಡ. ಜತೆಯಲ್ಲಿರುವವರೊಡನೆ ಮಾತನಾಡಲು ಸಾಧ್ಯವಾಗಬೇಕು, ಆದರೆ ಹಾಡಲು ಆಗಬಾರದು. ಸಲೀಸಾಗಿ ಹಾಡಬಲ್ಲಿರಾದರೆ ನಿಮ್ಮ ನಡಿಗೆ ನಿಧಾನ. ಒಂದು ವಾಕ್ಯಕ್ಕೂ ಉಸಿರು ಸಾಲದಿದ್ದರೆ ಅತಿ ವೇಗ. ಮೊದಲ ಐದು ನಿಮಿಷ ನಿಧಾನವಾಗಿ ಹೊರಟು, ಕೊನೆಯಲ್ಲಿಯೂ ಹಾಗೆಯೇ ವೇಗವಿಳಿಸುವುದು ಹಿತ.

ನಡೆಯುವಾಗ ಒಳಗೆ ನಡೆಯುವುದೇನು? ದುಡಿಯುವ ಸ್ನಾಯು ರಕ್ತದಲ್ಲಿರುವ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ಈ ಕ್ರಿಯೆಗೆ ಇನ್ಸುಲಿನ್ನಿನ ಹಂಗು ಅಷ್ಟಾಗಿ ಬೇಡವೆಂಬುದೇ ಮಧುಮೇಹಿಗೆ ದೊಡ್ಡ ಅನುಕೂಲ. ಊಟದ ಅನಂತರ ಹತ್ತು ಹದಿನೈದು ನಿಮಿಷ ಅಡ್ಡಾಡಿದರೂ ಏರುತ್ತಿರುವ ಸಕ್ಕರೆ ತಗ್ಗುವುದು ಈ ಕಾರಣದಿಂದಲೇ. ನಿತ್ಯವೂ ನಡೆದಾಗ ರಕ್ತನಾಳಗಳ ಬಿಗಿ ಸಡಿಲಿ ಒತ್ತಡವೂ ಕೆಲಮಟ್ಟಿಗೆ ಇಳಿಯುತ್ತದೆ. ಔಷಧಿಯನ್ನು ತಾವಾಗಿಯೇ ನಿಲ್ಲಿಸಲು ಇದು ಪರವಾನಗಿಯಲ್ಲ.

ಇನ್ಸುಲಿನ್ ತೆಗೆದುಕೊಳ್ಳುವವರು ಕಿಸೆಯಲ್ಲಿ ಸಕ್ಕರೆಯನ್ನೋ ಪೆಪ್ಪರಮಿಂಟನ್ನೋ ಇಟ್ಟುಕೊಂಡು ಹೊರಡತಕ್ಕದ್ದು. ನಡುಕ, ಬೆವರು, ಕಣ್ಣು ಕತ್ತಲೆ ಬಂದರೆ ಕೂಡಲೇ ಬಾಯಿಗೆ ಹಾಕಿಕೊಳ್ಳಬೇಕು. ಬರಿಗಾಲಿನಲ್ಲಿ ಹುಲ್ಲಿನ ಮೇಲೆ ನಡೆಯುವುದು ಕಣ್ಣಿಗೆ ಒಳ್ಳೆಯದೆಂಬ ಮಾತನ್ನು ಮಧುಮೇಹಿಗಳು ದಯವಿಟ್ಟು ಮರೆಯಲಿ. ಸ್ಪರ್ಶ ಕುಂದಿದ ಪಾದಕ್ಕೆ ಮುಳ್ಳು ಚುಚ್ಚಿದುದೂ ತಿಳಿಯುವುದಿಲ್ಲ. ನಡೆಯುವಾಗ ಎದೆ ಹಿಂಡಿದಂತಾಗಿ ನಿಂತಾಗ ಕಡಿಮೆಯಾಗುವ ನೋವು ಹೃದಯದ ಎಚ್ಚರಿಕೆ. ವಾಯುವೆಂದು ತಾತ್ಸಾರ ಮಾಡದೆ ಬೇಗನೆ ತಪಾಸಣೆ ಮಾಡಿಸಿಕೊಳ್ಳಬೇಕು. ನೋವು ನಿಂತ ಮೇಲೂ ಇಳಿಯದೆ ಎಡಗೈಗೋ ದವಡೆಗೋ ಹಬ್ಬಿ ತಣ್ಣನೆಯ ಬೆವರು ಬಂದರೆ ಮನೆಗಲ್ಲ, ನೇರವಾಗಿ ಆಸ್ಪತ್ರೆಗೆ ಹೋಗತಕ್ಕದ್ದು.

ವೃದ್ಧರ ವಿಷಯ ಬೇರೆ. ಕಟ್ಟೆಯ ಮೇಲೆ ಕುಳಿತು ಹರಟುವ ಹಿರಿಯರನ್ನು ಕಂಡು ಮೂಗು ಮುರಿಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಎರಡು ಕೋಣೆಯ ಮನೆಯಲ್ಲಿ ದಿನವಿಡೀ ಒಂಟಿಯಾಗಿರುವವರಿಗೆ ಆ ಹರಟೆಯೂ ಚಿಕಿತ್ಸೆಯೇ. ಆದರೆ ಮುಪ್ಪಿನಲ್ಲಿ ಕಾಡುವ ಭಯ ಬೀಳುವುದರದು, ಬಿದ್ದು ತೊಡೆಯ ಮೂಳೆ ಮುರಿಯುವುದರದು. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲವನ್ನೂ ಬಲವನ್ನೂ ಕಾಯ್ದುಕೊಳ್ಳುವ ವ್ಯಾಯಾಮ ಮಾಡಬೇಕೆಂದು ತಜ್ಞರ ಅಭಿಪ್ರಾಯ. ಅದಕ್ಕೂ ಕಟ್ಟೆಯೇ ಸಾಕು. ಕೈಯೂರದೆ ಕಟ್ಟೆಯಿಂದ ಎದ್ದು ನಿಲ್ಲುವುದು, ಮತ್ತೆ ನಿಧಾನವಾಗಿ ಕುಳಿತುಕೊಳ್ಳುವುದು, ಹೀಗೆ ಎಂಟು ಹತ್ತು ಬಾರಿ. ಬಳಿಕ ಸಂಗಾತಿಯ ಹೆಗಲನ್ನೋ ಕಂಬವನ್ನೋ ಹಿಡಿದು ಒಂದೊಂದು ಕಾಲಿನ ಮೇಲೆ ಹತ್ತು ಎಣಿಸುವಷ್ಟು ಹೊತ್ತು ನಿಲ್ಲುವುದು. ಹರಟೆಗೆ ಇದರಿಂದ ಭಂಗವಿಲ್ಲ.

ಶಿವಾಜಿ ಪಾರ್ಕಿಗೆ ಒಂದು ದೋಷವುಂಟು, ಅದು ಧೂಳು. ಮಳೆಗಾಲ ಮುಗಿದ ಮೇಲೆ ಮೈದಾನದ ಕೆಮ್ಮಣ್ಣು ಒಣಗಿ ಗಾಳಿಗೆ ಏಳುತ್ತದೆ, ಸುತ್ತಲಿನ ನಿವಾಸಿಗಳ ದೂರು ಬಹುಕಾಲದ್ದು. ದಪ್ಪ ಕಣಗಳು ಮೂಗು ಗಂಟಲುಗಳಲ್ಲಿ ಸಿಕ್ಕಿಕೊಂಡು ಸೀನು ಕೆಮ್ಮು ತರುತ್ತವೆ. ವಾಹನಗಳ ಹೊಗೆಯಲ್ಲಿರುವ ಅತಿ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಚಳಿಗಾಲದ ಮುಂಜಾನೆ ಸಮುದ್ರದ ಗಾಳಿ ಮಂದವಾಗಿ ಇವೆರಡೂ ನೆಲದ ಬಳಿಯೇ ತಂಗುತ್ತವೆ. ಆದುದರಿಂದ ಮುಂಜಾನೆಯ ಗಾಳಿ ಸದಾ ಶುದ್ಧವೆಂಬ ಹಳೆಯ ನಂಬಿಕೆ ಡಿಸೆಂಬರ್-ಜನವರಿಯ ಮುಂಬಯಿಗೆ ಹೊಂದುವುದಿಲ್ಲ. ದಮ್ಮು ಇರುವವರು ಮಂಜು ಹೊಗೆ ಕವಿದ ದಿನ ಮನೆಯೊಳಗೇ ವ್ಯಾಯಾಮ ಮಾಡುವುದು ಮೇಲು. ಹೊರಗೆ ಹೋದರೆ ಮೈದಾನದ ನಡುವನ್ನು ಬಿಟ್ಟು ಮರಗಳ ಅಂಚನ್ನು ಹಿಡಿಯಲಿ. ವೈದ್ಯರು ಕೊಟ್ಟ ಇನ್ಹೇಲರ್ ಕೈಯಲ್ಲಿರಲಿ. ಏಪ್ರಿಲ್-ಮೇ ತಿಂಗಳುಗಳಲ್ಲಿ ತೊಂದರೆ ಇನ್ನೊಂದು ಬಗೆಯದು. ತೇವ ತುಂಬಿದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಆಗ ಸೂರ್ಯೋದಯದ ಹೊತ್ತೇ ಸರಿ.

ಡಿಸೆಂಬರ್ 6ರ ಆಸುಪಾಸಿನಲ್ಲಿ ಹತ್ತಿರದ ಚೈತ್ಯಭೂಮಿಗೆ ಲಕ್ಷಾಂತರ ಜನ ಬರುವುದರಿಂದ ಮೈದಾನ ಅವರ ಬೀಡಾಗಿರುತ್ತದೆ. ದೊಡ್ಡ ಸಭೆಗಳ ದಿನಗಳಲ್ಲಿಯೂ ನಡಿಗೆಗೆ ಎಡೆಯಿರದು. ಆ ದಿನಗಳಲ್ಲಿ ಮನೆಯ ಮೆಟ್ಟಿಲು ಹತ್ತಿ ಇಳಿಯಬಹುದು, ಮೊಣಕಾಲು ಒಪ್ಪಿದರೆ. ಮಳೆಗಾಲದಲ್ಲಿ ಮಾತ್ರ ಒಂದು ನಿಯಮವನ್ನು ತಪ್ಪದೆ ಪಾಲಿಸಬೇಕು. ನಿಂತ ನೀರಿನಲ್ಲಿ ಕಾಲಿಡಬಾರದು. ಇಲಿಗಳ ಮೂತ್ರದಿಂದ ಕಲುಷಿತವಾದ ನೀರು ಕಾಲಿನ ಸಣ್ಣ ಗಾಯದ ಮೂಲಕ ಲೆಪ್ಟೊಸ್ಪೈರೋಸಿಸ್ ಜ್ವರವನ್ನು ತರುತ್ತದೆ. ಮುಂಬಯಿಯಲ್ಲಿ ಅದು ಪ್ರತಿ ಮಳೆಗಾಲದ ಅತಿಥಿ. ಕೆಸರಿನಲ್ಲಿ ಫುಟ್‌ಬಾಲ್ ಆಡಿ ಬಂದ ಹುಡುಗನ ಕಾಲನ್ನು ಸಾಬೂನಿನಿಂದ ತೊಳೆಸಿ, ಗಾಯವಿದೆಯೇ ಎಂದು ನೋಡಿ, ಮುಂದಿನ ಎರಡು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವಿಕೆ ಕಂಡುಬಂದರೆ ಅವನು ನೀರಿನಲ್ಲಿ ಆಡಿದ ಸಂಗತಿಯನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು.